ಕಂದು ಅಲ್ಲ ರೀ, ಅದು ಕೊಳೆ

ಸಾತನೂರಿನ ನಮ್ಮ ಮನೆಯ ಹಿತ್ತಿಲಲ್ಲಿ, ಹುಲ್ಲಿನ ಮೆದೆಗೂ ಹಸುವಿನ ಕೊಟ್ಟಿಗೆಗೂ ನಡುವೆ ಅಪ್ಪನ ಫಿಯೆಟ್ ಕಾರು ನಿಂತಿದೆ. 1975ರ ನೋಂದಣಿ. ಕುರ್ಲಾದ ಕಾರ್ಖಾನೆಯವರು ಅದಕ್ಕೆ ಮೊದಲು ಫಿಯೆಟ್, ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್, ಅದೂ ಸಾಲದೆ ಪ್ರೀಮಿಯರ್ ಪದ್ಮಿನಿ ಅಂತ ನಾಮಕರಣ ಮಾಡಿದರೂ ನಮ್ಮೂರಿನ ಬಾಯಲ್ಲಿ ಅದು ಫಿಯೆಟ್ಟೇ. ಹೆಸರು ಬದಲಾಯಿತು ಅಂತ ತಲೆಕೆಡಿಸಿಕೊಳ್ಳುವ ಜನ ನಾವಲ್ಲ. ಸಾತನೂರು ಇದ್ದಲ್ಲೇ ಇದ್ದುಕೊಂಡು ನಾಲ್ಕು ಜಿಲ್ಲೆ ಕಂಡಿದೆ: ಬೆಂಗಳೂರು, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಿಂದ ಬೆಂಗಳೂರು ದಕ್ಷಿಣ. ನಮ್ಮ ಫಿಯೆಟ್ಟೂ ಹಾಗೆಯೇ, ಅಪ್ಪ ಹೋದಮೇಲೆ ಒಂದು ಅಡಿ ಅಲ್ಲಾಡದೆ ಎರಡು ಜಿಲ್ಲೆ ಸುತ್ತಿತ್ತು.

ನನ್ನ ತಲೆ ಕೆಡಿಸಿದ್ದು ಸರ್ಕಾರ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಿ, ‘ವಿಎ’ ಅಕ್ಷರದ ನಂಬರ್ ಪ್ಲೇಟ್ ಕೊಡುವ ನಿಯಮ 2021ರಲ್ಲಿ ಬಂತು. ಶುಲ್ಕ 20,000 ರೂಪಾಯಿ. ಲೆಕ್ಕ ಹಾಕಿದೆ, ನಮ್ಮ ಕಾರಿಗೆ ಐವತ್ತು ತುಂಬಿತ್ತು. ನನಗೂ ತುಂಬಿತ್ತು. ನನ್ನ ಮೂಲ ರೂಪದ ಬಗ್ಗೆ ಇನ್ನೇನೂ ಮಾಡುವಂತಿರಲಿಲ್ಲವಾದ್ದರಿಂದ ಕಾರಿನದನ್ನು ಹಿಡಿದುಕೊಂಡೆ.

ಎಂಜಿನ್ನು, ತಗಡಿನ ಕೆಲಸ, ಪೇಂಟು ಎಲ್ಲ ಕನಕಪುರದ ಗ್ಯಾರೇಜಿನಲ್ಲಿ ಎರಡೇ ತಿಂಗಳಲ್ಲಿ ಮುಗಿದವು. ಯಾಕೆಂದರೆ ಅದರಲ್ಲಿ ನಾನು ಕೈಹಾಕಲಿಲ್ಲ. ಕಾರಿನ ನೆಲಕ್ಕೆ ಹಾಸಿದ್ದ ಕಾರ್ಪೆಟ್ಟನ್ನು ಮಾತ್ರ ನಾನೇ ವಹಿಸಿಕೊಂಡೆ. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು.

“ಒರಿಜಿನಲ್ ಬಣ್ಣದ್ದೇ ಹಾಕಬೇಕು” ಅಂದೆ ನನ್ನ ಹೆಂಡತಿಗೆ. “ಇದೇ ಕಂದು ಬಣ್ಣ.”

ಅವಳು ಬಗ್ಗಿ ಒಂದು ಸಲ ನೋಡಿದಳು. “ಕಂದು ಅಲ್ಲ ರೀ, ಅದು ಕೊಳೆ.”

ಅವಳು ಚನ್ನಪಟ್ಟಣದವಳು. ಅರಗಿನ ಬಣ್ಣದ ಗೊಂಬೆಗಳ ನಡುವೆ ಬೆಳೆದವಳ ಮುಂದೆ ಬಣ್ಣದ ಮಾತು ಎತ್ತಬಾರದು ಅನ್ನುವ ವಿವೇಕ ಮದುವೆಯಾಗಿ ಇಪ್ಪತ್ತಮೂರು ವರ್ಷವಾದರೂ ನನಗೆ ಬಂದಿಲ್ಲ. ಅವಳೇ ಮೊಬೈಲಿನಲ್ಲಿ ನಿಯಮವನ್ನು ಹುಡುಕಿ ಓದಿದಳು. “ಚಾಸಿ, ಬಾಡಿ, ಎಂಜಿನ್ನು ಮುಟ್ಟಬಾರದು ಅಂತಿದೆ. ಕಾಲಡಿಗೆ ಹಾಸೋದರ ಸುದ್ದಿನೇ ಇಲ್ವಲ್ರೀ?” ನಿಯಮದಲ್ಲಿಲ್ಲದಿದ್ದರೂ ಮನಸ್ಸಾಕ್ಷಿ ಅಂತ ಒಂದಿರುತ್ತದೆ ಅಂದೆ. ಆ ಮಾತು ನಾಲ್ಕು ತಿಂಗಳ ಕಾಲ ಊಟದ ಹೊತ್ತಿಗೆಲ್ಲ ನನ್ನ ತಟ್ಟೆಗೇ ಬಂದು ಬೀಳುತ್ತಿತ್ತು.

ಕೊಳೆಯ ಕೆಳಗಿನ ಬಣ್ಣ ಯಾವುದು ಅಂತ ಮನೆಮಂದಿಯನ್ನೆಲ್ಲ ಕೇಳಿದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತದೆ “ಅಸುರು” ಅಂದಳು. ಮಳವಳ್ಳಿಗೆ ಕೊಟ್ಟಿರುವ ತಂಗಿ ಫೋನಿನಲ್ಲಿ “ಕೆಂಪು ಕಣಣ್ಣ, ನನ್ನ ಮದುವೆ ಆಲ್ಬಮ್ ನೋಡು” ಅಂದಳು. ನೋಡಿದೆ. ಬಾಗಿಲು ತೆರೆದ ಕಾರು, ಒಳಗೆ ಕೆಂಪು ಕಾರ್ಪೆಟ್ಟು. ತಂಗಿಯ ಮಾತೇ ನಿಜ ಅಂದುಕೊಳ್ಳುವಷ್ಟರಲ್ಲಿ ಹಿಂದಿದ್ದ ತೆಂಗಿನ ಮರವೂ ಕೆಂಪಗೆ ಕಂಡಿತು. ಹಳೆಯ ಕಲರ್ ಫೋಟೋಗಳಲ್ಲಿ ನೀಲಿ ಕಡೆಯ ಬಣ್ಣ ಮೊದಲು ಮಾಸಿ, ಉಳಿದದ್ದೆಲ್ಲ ಕೆಂಪಿಗೆ ತಿರುಗುತ್ತದೆ. ಆ ಆಲ್ಬಮ್ಮಿನಲ್ಲಿ ನಮ್ಮ ಭಾವನೂ ಟೊಮೇಟೊ ಹಣ್ಣಿನಂತೆ ಇದ್ದಾನೆ.

ಬಿಸಿಲು ಬೀಳದ ಜಾಗದಲ್ಲಷ್ಟೇ ಬಣ್ಣ ಉಳಿದಿರುತ್ತದೆ ಅಂತ ಕುಶನ್ ಕೆಲಸದವರು ಹೇಳಿದ್ದರು. ಒಂದು ಭಾನುವಾರ ಸೀಟುಗಳನ್ನು ಬಿಚ್ಚಿದೆ. ಹಿಂದಿನ ಸೀಟಿನ ಅಡಿ ಒಂದು ಹಿಡಿ ರಾಗಿ, ಒಣಗಿ ಹಗುರವಾದ ಎರಡು ರೇಷ್ಮೆಗೂಡು, ಆರು ಮೂಲೆಯ ಇಪ್ಪತ್ತು ಪೈಸೆ, ಕಬ್ಬಾಳಮ್ಮನ ಕುಂಕುಮದ ಪೊಟ್ಟಣ. ಅಪ್ಪ ರಾಮನಗರದ ಮಾರುಕಟ್ಟೆಗೆ ಗೂಡನ್ನು ಇದೇ ಕಾರಿನಲ್ಲಿ ಸಾಗಿಸುತ್ತಿದ್ದ. ಮಳೆಗಾಲದಲ್ಲಿ ಬಾಗಿಲು ತೆಗೆದರೆ ಈಗಲೂ ಆ ವಾಸನೆ ಬರುತ್ತದೆ. ಮುಂದಿನ ಸೀಟು ಹಿಂದೆ ಮುಂದೆ ಸರಿಯುವ ಕಬ್ಬಿಣದ ಪಟ್ಟಿಯ ತಿರುಪು ಬಿಚ್ಚಿ ಎತ್ತಿದಾಗ, ಅದರಡಿ ಎರಡು ಬೆರಳಗಲದ ಕಾರ್ಪೆಟ್ಟು ಚಪ್ಪಟೆಯಾಗಿ ಮಲಗಿತ್ತು. ಎಳೆಗಳನ್ನು ಉಗುರಿನಿಂದ ಮೀಟಿ ಎಬ್ಬಿಸಿದೆ. ಬಣ್ಣ ಫಳಕ್ಕನೆ ಎದ್ದು ಬಂತು.

“ನೀಲಿ!” ಅಂತ ಕೂಗಿದೆ.

“ರಾಮಾ ಗ್ರೀನ್” ಅಂದಳು ಹೆಂಡತಿ. “ನನ್ನ ಸೀಮಂತದ ಸೀರೆ ಬಣ್ಣ. ನೀವೇ ಕೊಡ್ಸಿದ್ದು.”

“ಅದು ಹಳದಿ ಅಲ್ವಾ?”

ಆ ದಿನ ಮಧ್ಯಾಹ್ನದ ಸಾರಿಗೆ ಉಪ್ಪಿರಲಿಲ್ಲ.

ಮರುದಿನ ಕೊಳ್ಳೇಗಾಲದ ಕಡೆಯಿಂದ ಬಂದ ಬಸ್ಸು ಹತ್ತಿ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ. ಆ ತುಂಡನ್ನು ಮನೆಯಲ್ಲೇ ಬಿಟ್ಟು ಅದರ ಫೋಟೋ ಒಯ್ದಿದ್ದೆ, ಬುದ್ಧಿವಂತ ನೋಡಿ. ಮೊಬೈಲಿನ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದಿಕೊಳ್ಳುತ್ತದೆ ಅನ್ನುವುದು ಮೂರು ಮೀಟರ್ ಕೊಂಡು ತಂದಮೇಲೆ ಗೊತ್ತಾಯಿತು. ಹಿತ್ತಿಲಲ್ಲಿ ಹಾಸಿದರೆ ಪಾಚಿ ಕಟ್ಟಿದ ಕಲ್ಯಾಣಿ.

ಹೆಂಡತಿ ನನ್ನನ್ನು ಕನಕಪುರದ ಒಂದು ಮ್ಯಾಚಿಂಗ್ ಸೆಂಟರಿಗೆ ಕರೆದೊಯ್ದಳು. ಗಂಡಸರು ಅಂಥ ಅಂಗಡಿಯ ಹೊರಗೆ ಬೈಕಿನ ಮೇಲೆ ಕೂತು ಕಾಯುವುದು ವಾಡಿಕೆ. ಅಂದು ಮೊದಲ ಸಲ ಒಳಗೆ ಹೋದೆ. ನೆಲದಿಂದ ಮಾಳಿಗೆಯವರೆಗೆ ಬ್ಲೌಸ್ ಪೀಸುಗಳು, ಒಂದು ಹಸಿರಿಗೇ ಇಡೀ ಗೋಡೆ: ಗಿಳಿಹಸಿರು, ಎಲೆಹಸಿರು, ಪಾಚಿಹಸಿರು. ಅಂಗಡಿಯಾತ ನಮ್ಮ ಕಾರ್ಪೆಟ್ ತುಂಡನ್ನು ಬೆರಳ ತುದಿಯಲ್ಲಿ ಹಿಡಿದು, ಮೂಸಿ, ಏನೂ ಕೇಳದೆ ನಾಲ್ಕು ಥಾನು ಇಳಿಸಿದ. ಟ್ಯೂಬ್‌ಲೈಟಿನಲ್ಲಿ ನಾಲ್ಕೂ ನನ್ನ ಕಣ್ಣಿಗೆ ಒಂದೇ. ಆತ ನಾಲ್ಕನ್ನೂ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದು ಬಿಸಿಲಿಗೆ ಹಿಡಿದ. ಒಂದು ನೀಲಿಗೆ ಓಡಿತು, ಒಂದು ಬೂದಿಗೆ, ಒಂದು ಕಪ್ಪಿಗೆ, ಒಂದೇ ಒಂದು ನಮ್ಮ ತುಂಡಿನ ಪಕ್ಕ ಸುಮ್ಮನೆ ಕೂತಿತು. ಬೇರೆ ಬೇರೆ ಬಣ್ಣ ಬೆರೆಸಿ ಅದ್ದಿದ ಬಟ್ಟೆಗಳು ಒಂದು ಬೆಳಕಿನಲ್ಲಿ ಜೋಡಿಯಾಗಿ ಇನ್ನೊಂದರಲ್ಲಿ ಜಗಳವಾಡುತ್ತವೆ. ವಿಜ್ಞಾನದಲ್ಲಿ ಇದಕ್ಕೆ ಮೆಟಮೆರಿಸಂ ಎಂಬ ಹೆಸರಿದೆ. ನಮ್ಮ ಹೆಂಗಸರು ಹೆಸರಿನ ಹಂಗಿಲ್ಲದೆ ಸೀರೆ ಹಿಡಿದು ಅಂಗಡಿ ಬಾಗಿಲಿಗೆ ಬರುತ್ತಾರೆ.

ಅರ್ಧ ಮೀಟರ್ ಬ್ಲೌಸ್ ಪೀಸು ಹಿಡಿದು ಮತ್ತೆ ಜೆ.ಸಿ. ರೋಡು. ಪಾಠ ಕಲಿತಿದ್ದೆ. ಆದರೆ ಕಾರ್ಪೆಟ್ಟಿನ ರೋಲು ಆಳುದ್ದ, ಅದನ್ನು ಬಿಸಿಲಿಗೆ ತನ್ನಿ ಅನ್ನಲು ಸಂಕೋಚ. ಟ್ಯೂಬ್‌ಲೈಟಿನಲ್ಲೇ ಹೋಲಿಸಿ, ಗಂಭೀರವಾಗಿ ತಲೆಯಾಡಿಸಿ, ಇನ್ನೂ ಮೂರು ಮೀಟರ್ ತಂದೆ. ಹಿತ್ತಿಲಿನಲ್ಲಿ ಅದು ನವಿಲಾಯಿತು.

ಮೂರನೇ ಸಲ ಹೆಂಡತಿಯೇ ಬಂದಳು. ಇಬ್ಬರು ಹುಡುಗರಿಂದ ರೋಲನ್ನು ಫುಟ್‌ಪಾತಿಗೆ ಹೊರಿಸಿ ಐದು ನಿಮಿಷದಲ್ಲಿ ಆರಿಸಿದಳು. ಕತ್ತರಿಸುವ ಕೆಲಸ ಮಾತ್ರ ನನಗಿರಲಿ ಅಂತ ನಾನೇ ಹಟ ಹಿಡಿದೆ. ಕಾರ್ಪೆಟ್ಟಿನ ಎಳೆ ಒಂದು ದಿಕ್ಕಿಗೆ ಬಾಗಿರುತ್ತದೆ. ಎಮ್ಮೆಯ ಬೆನ್ನು ಸವರಿದ ಹಾಗೆ, ಈ ಕಡೆ ಸವರಿದರೆ ತಿಳಿ, ಆ ಕಡೆ ಸವರಿದರೆ ಗಾಢ. ಬಟ್ಟೆ ಉಳಿಸಲು ಹೋಗಿ ಡ್ರೈವರ್ ಕಡೆಯ ತುಂಡನ್ನು ಉಲ್ಟಾ ಕತ್ತರಿಸಿದ್ದೆ. ಹಾಸಿ ನೋಡಿದರೆ ಒಂದೇ ರೋಲಿನಲ್ಲಿ ಎರಡು ಬಣ್ಣ.

ಕಾರಿನ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಅವ್ವ ಕೋಲೂರಿಕೊಂಡು ಬಂದಳು.

“ಅದೇನ್ಲಾ ಅದು, ನಾಕು ತಿಂಗ್ಳಿಂದ?”

“ಕಾರಿನ ಜೊತೆ ಬಂದಿದ್ದ ಬಣ್ಣಾನೇ ಹಾಕಬೇಕು ಅಂತ ಕಣವ್ವ.”

“ಕಾರಿನ್ ಜೊತೆ ಬಂದಿದ್ದಾ? ನಿಮ್ಮಪ್ಪ ಸೆಕೆಂಡ್‌ಹ್ಯಾಂಡ್‌ನಲ್ಲಿ ತಂದಾಗ ಕರಿ ರಬ್ಬರ್ ಆಸಿದ್ರು. ಅದು ಅರದೋಯ್ತು. ಬೆಂಗ್ಳೂರಲ್ಲಿ ಯಾವ್ದೋ ಆಪೀಸಿನ್ ಅರಾಜಲ್ಲಿ ಇದ್ನ ಕೊಂಡ್ಕೊಂಡ್ ಬಂದು ಆಕ್ಸಿದ್ದು.”

“ಮೊದಲೇ ಯಾಕವ್ವ ಹೇಳಲಿಲ್ಲ?”

“ಬಣ್ಣ ಕೇಳ್ದೆ, ಅಸುರು ಅಂದೆ. ಎಲ್ಲಿಂದ ಬಂತು ಅಂತ ಕೇಳ್ದ್ಯೇನ್ಲಾ?”

ಹೆಂಡತಿ ಕೊಟ್ಟಿಗೆಯ ಗೋಡೆ ಹಿಡಿದು ನಗುತ್ತಿದ್ದಳು. ಅವ್ವ ಒಳಗೆ ಹೋಗುತ್ತಾ ತಿರುಗಿ ನೋಡಿ, “ಮಿಕ್ಕಿದ್ದು ಅಟ್ಟದ್ ಮೇಲೈತೆ. ಇತ್ತಾಳೆ ಅಂಡೆಗೆ ಸುತ್ತಿಟ್ಟಿವ್ನಿ” ಅಂದಳು.

ಏಣಿ ಹಾಕಿ ಹತ್ತಿದೆ. ಹಂಡೆ ಉರುಳಿಸಿ ಬಿಚ್ಚಿದರೆ ಐದು ಮೀಟರಿಗೂ ಮಿಕ್ಕಿ ಕಾರ್ಪೆಟ್ಟು. ಬಿಸಿಲು ಕಂಡಿಲ್ಲ, ಕಾಲು ತಾಗಿಲ್ಲ, ಒಂದು ಎಳೆ ಮಾಸಿಲ್ಲ. ಈ ಸಲ ಕತ್ತರಿಯನ್ನು ಹೆಂಡತಿ ನನ್ನ ಕೈಗೆ ಕೊಡಲಿಲ್ಲ. ಅಪ್ಪ ಹಾಸಿದ್ದನ್ನೇ ಮತ್ತೆ ಹಾಸಿದೆವು.

ಈಗ ನಮ್ಮ ಹಜಾರದಲ್ಲಿ ಮೂರು ಹಸಿರಿನ ಕಾರ್ಪೆಟ್ ಬಿದ್ದಿವೆ: ಪಾಚಿಯದು ಮೂರು ಮೀಟರ್, ನವಿಲಿನದು ಮೂರು, ಸರಿಯಾದ ಬಣ್ಣದ್ದು ತಪ್ಪು ಕತ್ತರಿಸಿದ ತುಂಡುಗಳು. ಹಳೇ ಕಾರು ಇಟ್ಟುಕೊಂಡವರು ಯಾರಾದರೂ ಇದ್ದರೆ ಬಂದು ಒಯ್ಯಬಹುದು, ಕಾಸು ಬೇಡ. ಸಂಜೆ ಬರಬೇಡಿ, ನಮ್ಮ ಹಜಾರದಲ್ಲಿರುವುದು ಟ್ಯೂಬ್‌ಲೈಟು.