ಬಾಗಿಲಲ್ಲಿ ನಿಂತು ಕೆಮ್ಮುವ ಪ್ರೋಟೀನು

ಆರ್‌ಜಿಎಸ್ ಪ್ರೋಟೀನುಗಳು ಜೀವಕೋಶದೊಳಗಿನ ಯಜಮಾನರು. ಕರೆಂಟ್ ಬಿಲ್ಲಿನ ಚಿಂತೆ ಹೊತ್ತು ರೂಮಿನಿಂದ ರೂಮಿಗೆ ಸುತ್ತುವ ಜಾತಿ. ದೀಪ ಹಚ್ಚಿದ ಕೀರ್ತಿ ಇವರಿಗೆ ಎಂದೂ ಇಲ್ಲ. ‘ಯಾರಿಗೆ ತಿರುಗ್ತಿದೆ ಈ ಫ್ಯಾನು?’ ಎಂದು ಗೊಣಗಿದ ಅಪಕೀರ್ತಿ ಮಾತ್ರ ತಪ್ಪಿದ್ದಲ್ಲ. ಕೋಶದ ದೀಪ ಹಚ್ಚುವ ಸ್ವಿಚ್ಚಾದ ಜಿ ಪ್ರೋಟೀನಿನ ಶೋಧಕ್ಕಾಗಿ ವಿಜ್ಞಾನಿಗಳಾದ ಗಿಲ್ಮನ್ ಮತ್ತು ರಾಡ್‌ಬೆಲ್ 1994ರಲ್ಲೇ ನೊಬೆಲ್ ಪಡೆದರು. ಅದನ್ನು ಆರಿಸುವ ಈ ಮನೆತನದ ಗುರುತು ಸರಿಯಾಗಿ ಹತ್ತಿದ್ದೇ ಅದಾದ ಮೇಲೆ.

ಹಾರ್ಮೋನೋ ಬೆಳಕೋ ಕೋಶದ ಕದ ತಟ್ಟಿದಾಗ ಜಿ ಪ್ರೋಟೀನಿನ ಆಲ್ಫಾ ಭಾಗ ಕೈಯಲ್ಲಿದ್ದ ಜಿಡಿಪಿ ಎಂಬ ಅಣುವನ್ನು ಬಿಟ್ಟು ಜಿಟಿಪಿ ಎಂಬ ಅಣುವನ್ನು ಹಿಡಿಯುತ್ತದೆ, ಬೀಟಾ-ಗಾಮಾ ಜೋಡಿಯಿಂದ ಕಳಚಿಕೊಂಡು ಸುದ್ದಿ ಮುಟ್ಟಿಸಲು ಹೊರಡುತ್ತದೆ. ಸ್ವಿಚ್ ಬಿತ್ತು. ಜಿಟಿಪಿಯ ಒಂದು ಫಾಸ್ಫೇಟು ಕತ್ತರಿಸಿದರೆ ಆರುತ್ತದೆ. ಕತ್ತರಿಯೂ ಆಲ್ಫಾದ ಕೈಯಲ್ಲೇ ಇದೆ. ಆದರೆ ಮೊಬೈಲ್ ಹಿಡಿದು ಮಲಗಿದ ಹುಡುಗನ ಹಾಗೆ ‘ಆರಿಸ್ತೀನಿ, ಆರಿಸ್ತೀನಿ’ ಎನ್ನುತ್ತಲೇ ಹತ್ತಾರು ಸೆಕೆಂಡು ತಳ್ಳುತ್ತದೆ. ಕೋಶದ ಲೆಕ್ಕದಲ್ಲಿ ಅದು ಇಡೀ ಮಧ್ಯಾಹ್ನ.

ಆಗ ಯಜಮಾನರ ಪ್ರವೇಶ. ಸ್ವಿಚ್ಚನ್ನು ಅವರು ಮುಟ್ಟುವುದೇ ಇಲ್ಲ, ಅದು ಅವರ ಘನತೆಗೆ ತಕ್ಕದ್ದಲ್ಲ. ಸುಮಾರು 120 ಅಮೈನೋ ಆಮ್ಲಗಳ ಹಿಡಿತದಲ್ಲಿ ಆಲ್ಫಾದ ರಟ್ಟೆಯನ್ನು ಅಲುಗದಂತೆ ಹಿಡಿದು ನಿಲ್ಲುತ್ತಾರೆ, ಅಷ್ಟೇ. ಹುಡುಗ ತಾನೇ ಎದ್ದು ಆರಿಸುತ್ತಾನೆ. ಕೆಲವೆಡೆ ಸಾವಿರ ಪಟ್ಟು ಬೇಗ. ಬಾಗಿಲಲ್ಲಿ ನಿಂತು ಬರೀ ಕೆಮ್ಮುವ ಅಪ್ಪಂದಿರ ವಿದ್ಯೆಯೂ ಇದೇ.

ಮನುಷ್ಯರಲ್ಲಿ ಇಂಥವರು ಸುಮಾರು 20 ಮಂದಿ. ಹೃದಯದಲ್ಲೂ ಮಿದುಳಿನಲ್ಲೂ ಹಲವರು. ಇವರ ಕೆಮ್ಮು ಹೆಚ್ಚಾಗಿ ನಡೆಯುವುದು ಜಿ ಪ್ರೋಟೀನಿನ ಬಗೆಗಳಾದ ಜಿಐ, ಜಿಕ್ಯೂ ಎಂಬ ಮಕ್ಕಳ ಮುಂದೆ. ಜಿಎಸ್ ಎಂಬುವನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಯೀಸ್ಟಿನ ಮನೆಯ ಯಜಮಾನರು ಎಸ್‌ಎಸ್‌ಟಿ2. ಅವರಿಲ್ಲದ ಯೀಸ್ಟು ಸಂಗಾತಿಯ ವಾಸನೆ ಒಮ್ಮೆ ಬಡಿದರೆ ಸಾಕು, ಗಂಡು ಬಾರದಿದ್ದರೂ ಚಪ್ಪರ ಬಿಚ್ಚದೆ, ಬೆಳೆಯುವ ಕೆಲಸವನ್ನೇ ನಿಲ್ಲಿಸಿ ಕೂರುತ್ತದೆ.

ಈ ಕುಲದ ಮಾನ ಕಾಯುವವರು ಕಣ್ಣಿನ ಅಕ್ಷಿಪಟಲದಲ್ಲಿರುವ ಆರ್‌ಜಿಎಸ್9. ಅಲ್ಲಿ ಒಂದು ಬೆಳಕು ಆರದೆ ಮುಂದಿನ ದೃಶ್ಯಕ್ಕೆ ಜಾಗವಿಲ್ಲ. ಇಲಿಗಳಲ್ಲಿ ಇವರನ್ನು ತೆಗೆದುಹಾಕಿ ನೋಡಿದಾಗ, ಬೆಳಕಿಗೆ ಎಚ್ಚೆತ್ತ ಕೋಶ ತಣ್ಣಗಾಗುವ ಕಾಲಮಾನ ಸುಮಾರು 0.2 ಸೆಕೆಂಡಿನಿಂದ 9 ಸೆಕೆಂಡಿಗೆ ಹಿಗ್ಗಿತು. 2004ರಲ್ಲಿ ನೆದರ್ಲೆಂಡ್ಸಿನ ಕೆಲವರಲ್ಲಿ ಇದೇ ಜೀನಿನ ದೋಷ ಪತ್ತೆಯಾಯಿತು; ಬ್ರಾಡಿಯಾಪ್ಸಿಯಾ ಎಂದು ಅದಕ್ಕೆ ಹೆಸರಿಟ್ಟರು. ಈ ದೋಷವಿರುವವರು ನಿಂತ ವಸ್ತುವನ್ನು ನೋಡಬಲ್ಲರು. ಕತ್ತಲಿಂದ ಬಿಸಿಲಿಗೆ ಬಂದರೆ ಕಣ್ಣು ಹೊಂದಿಕೊಳ್ಳಲು ತಡವಾಗುತ್ತದೆ. ಆಟದಲ್ಲಿ ಹಾರಿ ಬರುವ ಚೆಂಡು ಕಾಣುವುದು ಕಷ್ಟ.