ಶ್ವಾನಪದೀಯಂ

ಪೀಠಿಕೆ

ಭರ್ತೃಹರಿ ವಾಕ್ಯಪದೀಯ ಬರೆದು ವಾಕ್ಯದ ಪದಗಳಿಗೊಂದು ಗತಿ ಕಾಣಿಸಿದ. ನಾಯಿಯ ಪದಗಳಿಗೆ, ಅಂದರೆ ನಾಲ್ಕು ಪಾದಗಳಿಗೆ, ಇಂದಿಗೂ ಭಾಷ್ಯಕಾರರಿಲ್ಲ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಬರುವ ನಾಯಿಯ ಹೆಸರು ಕಿವಿ. ಹೀಗೆ ಕನ್ನಡ ಸಾಹಿತ್ಯದಲ್ಲಿ ಕಿವಿ ಅಮರವಾಯಿತು, ಕಾಲು ಕುಂಟುತ್ತಲೇ ಉಳಿಯಿತು. ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಮನೆಗೊಂದು ಕಾಳು ಎಂಬ ನಾಯಿ ಉಂಟು. ಕಾಳುವಿನ ಕಾಲು ನೋಡಿದವರು ಮಾತ್ರ ಇಲ್ಲ. ಳಕಾರ ಲಕಾರಗಳ ನಡುವಿನ ಈ ಕಣಿಗೆ ಸಂಕ ಹಾಕುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಪ್ರಥಮಾಧ್ಯಾಯ: ಕ್ರೀಡಾನಿರ್ಣಯ

ಇಲ್ಲಿ ಪೂರ್ವಪಕ್ಷಿ ಪಕ್ಕದ ತೋಟದ ಭಾವ. “ನಮ್ಮ ನಾಯಿಗಳಿಗೆ ಎಂತ ಕ್ರೀಡೆ ಭಾವ? ಅನ್ನ ತಿಂತವೆ, ಮಲಗ್ತವೆ” ಎಂಬುದು ಅವರ ವಾದ.

ಇದು ಸಲ್ಲದು. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ಬಿಡುವಿನ ಹೊತ್ತು ತುಂಬಿಸಲು ನಾಯಿಗಳಿಂದ ಅಡೆತಡೆ ಹಾರಿಸಿದರು. ಅದೇ ಮುಂದೆ ಅಜಿಲಿಟಿ ಎಂಬ ಜಾಗತಿಕ ಆಟವಾಯಿತು. ಅದರಲ್ಲಿ 60 ಸೆಂಟಿಮೀಟರ್ ಅಂತರದ 12 ಕಂಬಗಳ ಎಡೆಯಲ್ಲಿ ನುಸುಳಿ ಓಡಿದ ನಾಯಿಗೆ ಚಪ್ಪಾಳೆ. 2.7 ಮೀಟರ್ ಅಂತರದಲ್ಲಿ ನೆಟ್ಟ ಒಂದೆಕರೆ ಅಡಿಕೆ ತೋಟದಲ್ಲಿ ಸುಮಾರು 550 ಕಂಬ. ಕಾಳು ಅದನ್ನು ದಿನಕ್ಕೆ ನಾಲ್ಕು ಸಲ ನುಸುಳಿದರೂ ಸಿಗುವುದು “ಹಚಾ”. ಅಲ್ಲಿ ನಾಯಿ ನಡೆಯಲು ಒಂದಡಿ ಅಗಲದ ಹಲಗೆ. ಇಲ್ಲಿ ತೋಡಿನ ಮೇಲೆ ಎರಡು ಅಡಿಕೆ ಮರದ ಕಾಲುಸಂಕ, ಅದರಲ್ಲೊಂದು ಕುಂಬಾಗಿರುವುದು ವಾಡಿಕೆ.

ನಮ್ಮ ಸೀಮೆಯ ಶ್ವಾನಕ್ರೀಡೆಗಳು ಮೂರು.

ಒಂದು, ಕಪಿಧಾವನ. ಮಂಗ ಮೇಲೆ, ನಾಯಿ ಕೆಳಗೆ. ಕಣ್ಣು ಕೊಬೆಯಲ್ಲಿ, ಕಾಲು ಕಣಿಯಲ್ಲಿ. ಗಾಯಗಳಲ್ಲಿ ಹೆಚ್ಚಿನವು ಇಲ್ಲಿಯವು. ಚುನಾವಣೆ ಬಂದಾಗ ರೈತರ ಕೋವಿಗಳನ್ನು ಠಾಣೆಯಲ್ಲಿ ಇಡಬೇಕಾಗುವುದರಿಂದ ಪ್ರಜಾಪ್ರಭುತ್ವದ ಭಾರವೂ ಈ ಪಾದಗಳ ಮೇಲೆಯೇ ಬೀಳುತ್ತದೆ.

ಎರಡು, ದ್ವಿಚಕ್ರಾನುಧಾವನ. ಮೀನಿನವನ ಬೈಕನ್ನು ಗೇಟಿನವರೆಗೆ ಅಟ್ಟಿ, ಅಲ್ಲಿ ಗಕ್ಕನೆ ನಿಂತು, ಏನೂ ಆಗದವನಂತೆ ತಿರುಗುವುದು. ಓಡುವಾಗ ಆಗದ ಉಳುಕು ಈ ನಿಲ್ಲುವಾಗ ಆಗುತ್ತದೆ.

ಮೂರು, ಬೆಡಿ ಓಟ. ಬೇರೆ ಓಟಗಳಲ್ಲಿ ಸುರುವಿಗೆ ಒಂದು ಗುಂಡು ಹೊಡೆಯುತ್ತಾರೆ. ಏಪ್ರಿಲ್ 17ರ ಪುತ್ತೂರು ಜಾತ್ರೆಯ ಬೆಡಿಗೆ, ಅಂದರೆ ಸಿಡಿಮದ್ದಿಗೆ, ಗುಂಡು ಮುಗಿಯುವುದೇ ಇಲ್ಲ, ಆದ್ದರಿಂದ ಓಟವೂ ಮುಗಿಯುವುದಿಲ್ಲ. ಗುರಿ: ಮಂಚದ ಅಡಿ. ಆ ದಿನ ನಾಯಿಯನ್ನು ಮೊದಲೇ ಒಳಗೆ ಹಾಕಿ ಬಾಗಿಲು ಹಾಕಿದರೆ ಮುಳ್ಳುತಂತಿ ಹಾರುವುದು ತಪ್ಪುತ್ತದೆ.

ದ್ವಿತೀಯಾಧ್ಯಾಯ: ಅಂಗವಿಚಾರ

ನಾಯಿ ಬೆರಳ ತುದಿಯಲ್ಲಿ ನಡೆಯುವ ಪ್ರಾಣಿ. ಹಿಂಗಾಲಿನಲ್ಲಿ ತಿರುಗುಮುರುಗಾಗಿ ಮಡಚಿದಂತೆ ಕಾಣುವ ಗಂಟು ಮೊಣಕಾಲಲ್ಲ, ಹಿಮ್ಮಡಿ. ಜೀವಮಾನವಿಡೀ ತುದಿಗಾಲಲ್ಲಿ ನಿಂತದ್ದನ್ನು ನಾವು ‘ಸೋಮಾರಿ’ ಎನ್ನುತ್ತೇವೆ. ಮೈಭಾರದ ಶೇಕಡಾ 60ರಷ್ಟು ಮುಂಗಾಲಿನ ಮೇಲೆ. ಮುಂಗಾಲಿನ ಮಣಿಕಟ್ಟಿನ ಹಿಂದೆ ಒಂಟಿಯಾಗಿ ಒಂದು ಗುಂಡು ಮೆತ್ತೆ ಉಂಟು. ನಡೆಯುವಾಗ ನೆಲಕ್ಕೆ ತಾಗದ ಅದು, ರಭಸದಿಂದ ನಿಲ್ಲುವಾಗ, ಇಳಿಜಾರಿನಲ್ಲಿ ಜಾರುವಾಗ ಬ್ರೇಕು. ಮೀನಿನವನು ಹೋದ ಮೇಲೆ ಕಾಳು ನೆಕ್ಕುತ್ತಾ ಕೂರುವುದು ಇದನ್ನೇ.

ತೃತೀಯಾಧ್ಯಾಯ: ಸೂತ್ರಭಾಗ

‘ಉಗುರು ಉಲಿಯಬಾರದು.’ ಜಗಲಿಯಲ್ಲಿ ನಡೆಯುವಾಗ ಟಿಕ್‌ ಟಿಕ್ ಕೇಳಿಸಿದರೆ ಉಗುರು ಉದ್ದವಾಗಿದೆ. ಬೆರಳು ಅಗಲಿ ಗಂಟಿಗೆ ಪೆಟ್ಟು.

‘ಅಂಗೈಗೆ ಆಗದ್ದು ಅಂಗಾಲಿಗೆ ಆಗದು.’ ಅಡಿಕೆ 40–45 ದಿನ ಒಣಗುವ ಸಿಮೆಂಟಿನ ಅಂಗಳದಲ್ಲಿ ಮಧ್ಯಾಹ್ನ ಕೈಯ ಹಿಂಬದಿ ಊರಿ ನೋಡಿ. ಏಳು ಎಣಿಸುವುದರೊಳಗೆ ಕೈ ಎತ್ತಿದಿರೋ, ನಾಯಿಯ ಮೆತ್ತೆಯೂ ಸುಡುತ್ತದೆ. ಹರಡಿದ ಅಡಿಕೆಯ ಮೇಲೆ ಓಡಿದ ನಾಯಿಯದು ಓಟವಲ್ಲ, ಚಕ್ರದ ಮೇಲಿನ ಪ್ರಯಾಣ.

‘ನೆಕ್ಕುವುದು ಮದ್ದಲ್ಲ.’ ಭಾವ ಇದನ್ನು ಒಪ್ಪುವುದಿಲ್ಲ. ಆದರೂ ನೆಕ್ಕಿದಷ್ಟು ಗಾಯ ಒದ್ದೆ, ಒದ್ದೆಯಾದಷ್ಟು ಕೊಳೆ. ಶುದ್ಧ ನೀರಲ್ಲಿ ತೊಳೆದು, ಬೆರಳೆಡೆ ಒರಸಿ, ಎಡೆಯಲ್ಲಿ ಹತ್ತಿ ಇಟ್ಟು ಸಡಿಲವಾಗಿ ಕಟ್ಟಬೇಕು. ಹೊರಗೆ ಹೋಗುವಾಗ ಮಾತ್ರ ಮೇಲೊಂದು ಹಾಲಿನ ತೊಟ್ಟೆ. ಒಳಗೆ ಬಂದೊಡನೆ ಬಿಚ್ಚಬೇಕು. ಬೆರಳು ಊದಿದರೆ ಕಟ್ಟು ಬಿಗಿಯಾಗಿದೆ.

‘ನಿನ್ನ ಗುಳಿಗೆ ನಿನಗೆ.’ ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು. ಒಂದು ದಿನ ಕಳೆದರೂ ಮೂರೇ ಕಾಲಲ್ಲಿ ನಡೆದರೆ ಪಶು ಆಸ್ಪತ್ರೆ.

ಮಳೆಗಾಲದಲ್ಲಿ ಹಾವಸೆ ಹಿಡಿದ ಅಂಗಳಕ್ಕೆ ಸೋಗೆ ಹಾಸುತ್ತೇವೆ, ನಮ್ಮ ಕಾಲಿಗೆ. ಪುತ್ತೂರಿನ ದೇವರಮಾರು ಗದ್ದೆಯ ಕೋಟಿ–ಚೆನ್ನಯ ಕಂಬಳಕ್ಕೆ ಹೋಗುವ ಕೋಣಕ್ಕೆ ಎಣ್ಣೆ ತಿಕ್ಕುತ್ತಾರೆ. ಕೋಣ ಓಡುವುದು ವರ್ಷದಲ್ಲಿ ಕೆಲವೇ ದಿನ; ಕಾಳುವಿಗೆ ರಜೆಯೇ ಇಲ್ಲ, ಎಣ್ಣೆಯೂ ಇಲ್ಲ.

ಚತುರ್ಥಾಧ್ಯಾಯ: ಪ್ರಯೋಗ

ಮೇಲಿನ ಸೂತ್ರಗಳು ತೀರಾ ಸುಲಭವಾಗಿ, ಶಾಸ್ತ್ರದ ಗಾಂಭೀರ್ಯಕ್ಕೆ ಕುಂದು ತರುವಂತಿದ್ದುದರಿಂದ ಸಂಶೋಧಕನು ಪಾದರಕ್ಷೆಯೊಂದನ್ನು ಆವಿಷ್ಕರಿಸಿದನು. ಅಡಿಕೆ ಹಾಳೆಯಿಂದ ತಲೆಗೆ ಮುಟ್ಟಾಳೆ ಆಗುವುದಾದರೆ ಕಾಲಿಗೆ ಜೋಡು ಯಾಕಾಗಬಾರದು? ಹಾಳೆ ನೆನೆಸಿ, ಮೆತ್ತಗೆ ಮಾಡಿ, ನಾಲ್ಕು ಜೋಡು ಹೊಲಿದು, ಬಾಳೆ ನಾರಲ್ಲಿ ಕಟ್ಟಲಾಯಿತು. ಮನೆಯಾಕೆ ಅಡುಗೆಕೋಣೆಯ ಬಾಗಿಲಲ್ಲಿ ನಿಂತು, “ನಿಮ್ಮ ಹವಾಯಿಗೆ ಬಾರು ಹಾಕದೆ ತಿಂಗಳಾಯ್ತು” ಎಂದಳು. ಈ ಹೇಳಿಕೆ ವಿಷಯಾಂತರವಾದ್ದರಿಂದ ಕೈಬಿಡಲಾಗಿದೆ.

ಕಾಳು ಮೊದಲು ಕಂಬದಂತೆ ನಿಂತ. ಆಮೇಲೆ ಒಂದೊಂದೇ ಕಾಲನ್ನು ಎತ್ತಿ, ಕೊಡವಿ, ಊರಿ, ರಂಗಕ್ಕೆ ಬರುವ ಬಣ್ಣದ ವೇಷದ ಹಾಗೆ ಅಂಗಳ ದಾಟಿದ. ಅಷ್ಟರಲ್ಲಿ ತೋಟದಲ್ಲಿ ಮಂಗ ಕೂಗಿತು.

ಫಲಿತಾಂಶ: ಒಂದನೆಯ ಜೋಡು ಕಣಿಯಲ್ಲಿ ಸಿಕ್ಕಿತು. ಎರಡನೆಯದನ್ನು ಹಟ್ಟಿಯ ದನ ತಿಂದು ಮುಗಿಸಿತು. ಹಾಳೆ ಅದಕ್ಕೆ ಮೇವು, ಆವಿಷ್ಕಾರವಲ್ಲ. ಮೂರನೆಯದನ್ನು ಕಾಳುವೇ ಜಗಿದ. ನಾಲ್ಕನೆಯದು ಮರದ ಮೇಲೆ, ಮಂಗನ ತಲೆಯಲ್ಲಿ, ಮುಟ್ಟಾಳೆಯಾಗಿ ಕಂಡುಬಂತು. ಹಾಳೆಯ ಸಹಜ ಸ್ಥಾನ ಯಾವುದೆಂಬುದು ಇದರಿಂದ ಸಿದ್ಧ.

ಉಪಸಂಹಾರ

ಇಷ್ಟರಲ್ಲಿ ಕಾಳು ಜಗಲಿಗೆ ಬಂದು, ಬಲ ಮುಂಗಾಲು ಎತ್ತಿ, ಹಸ್ತಪ್ರತಿಯ ಮೇಲೆಯೇ ಇಟ್ಟಿದ್ದಾನೆ. ಕೆಸರಿನ ಐದು ಮುದ್ರೆಗಳಲ್ಲಿ ಒಂದರ ಅಂಚು ಕೆಂಪು. ಟಾರ್ಚು ಹಿಡಿದು ಬೆರಳು ಬಿಡಿಸಿದರೆ ಎರಡು ಉಣ್ಣಿ, ಒಂದು ಅಡಿಕೆ ಸಿಪ್ಪೆಯ ನಾರು, ಮೆತ್ತೆಯಲ್ಲಿ ಮುರಿದುಕೊಂಡ ನಾಚಿಕೆ ಮುಳ್ಳು. ಈ ಮುಳ್ಳು ಇವತ್ತಿನದಲ್ಲ. ಸುತ್ತ ಚರ್ಮ ದಪ್ಪ ಕಟ್ಟಿದೆ. ಮೊದಲನೆಯ ಅಧ್ಯಾಯ ಬರೆಯುವಾಗಲೇ ಇದ್ದಿರಬೇಕು.

ಚಿಮಟ ಹುಡುಕಬೇಕಾಗಿರುವುದರಿಂದ ಶಾಸ್ತ್ರವನ್ನು ಇಲ್ಲಿಗೆ ನಿಲ್ಲಿಸ—