ಎಡಕ್ಕೆ ತಿರುಗಿಸುವವರು

ನಿಕಾನ್ ಲೆನ್ಸನ್ನು ಕ್ಯಾಮೆರಾಗೆ ಕೂರಿಸಲು ಎಡಕ್ಕೆ ತಿರುಗಿಸಬೇಕು. ಕ್ಯಾನನ್, ಸೋನಿ ಮತ್ತು ಅಡುಗೆಮನೆಯ ಸಮಸ್ತ ಮುಚ್ಚಳಗಳು ಬಲಕ್ಕೆ. ಹೀಗಾಗಿ ನಿಕಾನ್ ಪಕ್ಷದ ನಾನು ಮುಚ್ಚಿಟ್ಟ ಬಾಟಲಿ ತೆರೆದೇ ಇದೆ ಎಂಬುದು ನಮ್ಮ ಮನೆಯ ಲೆಕ್ಕ. ಅಪ್ಪೆಮಿಡಿಗೆ ಬೂಷ್ಟು ಬಂದರೆ ವಿಚಾರಣೆ ನನ್ನದೇ.

ಲೆನ್ಸಿಗೂ ಬೂಷ್ಟು ಬರುತ್ತದೆ. ಸಾಗರದ ಮಳೆಗಾಲಕ್ಕೆ ಕಂಪನಿಭೇದವಿಲ್ಲ. ಅದಕ್ಕೆಂದೇ ಡ್ರೈ ಕ್ಯಾಬಿನೆಟ್ ತಂದೆ. ಅದರ ಕೆಳಗಿನ ಅಂತಸ್ತು ಈಗ ಹಲಸಿನ ಹಪ್ಪಳದ ವಶ. ಹಪ್ಪಳ ಅತ್ಯುತ್ತಮ ಸ್ಥಿತಿಯಲ್ಲಿವೆ.

ಲೆನ್ಸು ಕೂರುವ ನಿಕಾನಿನ ಎಫ್ ಮೌಂಟ್ 1959ರದ್ದು. ಇದನ್ನು ಹೇಳುವಾಗ ನನ್ನ ಎದೆ ಉಬ್ಬುತ್ತದೆ, ನಮ್ಮಜ್ಜನೇ ಟೋಕಿಯೋದಲ್ಲಿ ಕೂತು ಕೊರೆದ ಹಾಗೆ. ಕ್ಯಾನನ್‌ನವರು 1987ರಲ್ಲಿ ಹಳೆಯ ಮೌಂಟನ್ನು ಕೈಬಿಟ್ಟು ಇಎಫ್ ತಂದರು, ಫೋಕಸ್ಸಿನ ಮೋಟರನ್ನು ಲೆನ್ಸಿನೊಳಗೇ ಇಟ್ಟರು. ನಮ್ಮವರು ಮೌಂಟ್ ಉಳಿಸಿಕೊಂಡು ಮೋಟರನ್ನು ಬಾಡಿಯೊಳಗಿಟ್ಟರು. ನಂಬಿದವರ ಕೈಬಿಡಲಿಲ್ಲ ಎಂದು ನಾನು ಭಾಷಣ ಮಾಡಿದ್ದೇ ಮಾಡಿದ್ದು. 2018ರಲ್ಲಿ ಕನ್ನಡಿಯಿಲ್ಲದ ಝಡ್ ಕ್ಯಾಮೆರಾ ಬಂತು. ನನ್ನ ಹಳೆಯ ಎಎಫ್-ಡಿ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಕೂರುತ್ತವೆ, ಆದರೆ ಅವುಗಳ ಫೋಕಸ್ ತಿರುಗಿಸುವ ಮೋಟರ್ ಅಲ್ಲಿಲ್ಲ.

ಹೊಸ ಲೆನ್ಸಿನ ಪ್ರಸ್ತಾಪಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕೆ?

“ಕೈಯಲ್ಲಿ ತಿರುಗಿಸಿದರೆ ಫೋಕಸ್ ಆಗುತ್ತಾ?” ಎಂದಳು ಹೆಂಡತಿ.

“ಆಗುತ್ತೆ, ಆದರೆ…”

“ತಿರುಗಿಸಿ ಮತ್ತೆ. ನಿಮ್ಮ ಕೈಗೆ ಬೇರೆ ಎಂಥ ಕೆಲಸ ಇದೆ?”

ಸೋನಿ ಪಕ್ಷಕ್ಕೆ ಹಾರೋಣವೆಂದುಕೊಂಡೆ. 2013ರಲ್ಲೇ ಎ7 ತಂದು ಇಬ್ಬರನ್ನೂ ನಿದ್ದೆಯಿಂದ ಎಬ್ಬಿಸಿದವರು. ಸಿಗ್ಮಾ, ಟ್ಯಾಮ್ರಾನ್ ಲೆನ್ಸುಗಳು ಅದಕ್ಕೆ ಧಾರಾಳ, ಜೇಬಿಗೂ ಹಗುರ. ಎ7 IV ತೂಗುವುದು 658 ಗ್ರಾಂ, ನಿಕಾನ್ ಝಡ್8 ಆದರೆ 910.

“ಒಂದು ಕೇಜಿ ಈರುಳ್ಳಿ ತಂದರೆ ಭುಜ ಹಿಡೀತು ಅಂತೀರಿ,” ಎಂಬ ದಾಖಲೆ ತಕ್ಷಣ ಹೊರಬಂತು.

ಭಾವಮೈದ ಮದುವೆ ಫೋಟೊ ತೆಗೆದೇ ಸಂಸಾರ ನಡೆಸುವವನು, ಕ್ಯಾನನ್ ಕೈಬಿಡದವನು. ಅರಿಶಿನ ಹಚ್ಚಿದ ಮುಖದ ಬಣ್ಣ ಕ್ಯಾಮೆರಾದಲ್ಲೇ ಸರಿಯಾಗಿ ಕೂತರೆ ಕಂಪ್ಯೂಟರಿನ ಮುಂದೆ ರಾತ್ರಿ ಕಳೆಯುವುದು ತಪ್ಪುತ್ತದೆ ಎಂಬುದು ಅವನ ವಾದ. ಹೊಸ ಆರ್‌ಎಫ್ ಮೌಂಟಿಗೆ ಬೇರೆ ಕಂಪನಿಯ ಲೆನ್ಸು ಕಡಿಮೆ ಎಂದು ಚುಚ್ಚಿದೆ. ಅವನು ನೊಂದುಕೊಳ್ಳಲಿಲ್ಲ. ದುಡಿಯುವವರಿಗೆ ಇಂಥ ಮಾತು ನಾಟುವುದಿಲ್ಲ.

“ಭಾವ, ಎಲ್ಲ ಸರಿ. ನೀವು ತೆಗೆಯೋದು ಏನು?”

“ತೋಟದ ಕೆರೆಗೆ ಮಿಂಚುಳ್ಳಿ ಬರುತ್ತಲ್ಲ, ಅದು.”

“ಅದು ಮೀನು ತಿಂದು, ಗೂಡು ಕಟ್ಟಿ, ಮರಿ ಮಾಡಿ ಹೋಗಿಯೂ ಆಯ್ತು,” ಅಡುಗೆಮನೆಯಿಂದ ಉತ್ತರ ಬಂತು. “ಇವರಿನ್ನೂ ಸೆಕೆಂಡಿಗೆ ಎಷ್ಟು ಫೋಟೊ ಅಂತ ಎಣಿಸ್ತಾ ಇದ್ದಾರೆ.”

“ಇಪ್ಪತ್ತು,” ಎಂದೆ. “ಝಡ್8ರಲ್ಲಿ. ಅದೂ ರಾ ಫೈಲು.”